ಕರಿಕಿ ಹುಲ್ಲಿನ ಯಾತ್ರೆ

ನ್ಯೂಜೆರ್ಸಿಯಿಂದ ಅಕ್ಕನ ಮಗ ಫೋನ್ ಮಾಡಿದ್ದು ದಸರೆ ಮುಗಿದ ವಾರ. ಸಂಕ್ರಾಂತಿಗೆ ಬಂದು ಎರಡು ವಾರ ಇರುತ್ತೇನೆ ಅಂದ. ಬಾರಪ್ಪ ಅಂದೆ. ಆಮೇಲೆ ವಿಷಯಕ್ಕೆ ಬಂದ. "ಮಾಮಾ, ಈ ಸಲ ಗಾಲ್ಫ್ ಕಿಟ್ ತಗೊಂಡು ಬರ್ಲತ್ತೀನಿ. ನಮ್ಮ ಕಡಿ ಛಲೋ ಛಲೋ ಕೋರ್ಸ್ ಎಲ್ಲೆಲ್ಲಿ ಅವ ನೋಡಿ ಒಂದು ಪ್ಲ್ಯಾನ್ ಹಾಕಿಡ್ರಿ."

ನಮ್ಮ ಕಡಿ! ಜೇವರ್ಗಿ ಕಾಲೋನಿಯ ನಮ್ಮ ಮಾಳಿಗೆ ಮೇಲೆ ನಿಂತು ನಾಲ್ಕು ದಿಕ್ಕಿಗೆ ಕಣ್ಣು ಹಾಯಿಸಿದರೆ ಕಾಣುವುದು ನೀರಿನ ಟ್ಯಾಂಕು, ಒಣಗಿಸಿದ ಬಟ್ಟೆ, ಯಾರದೋ ಮನೆಯ ಹಪ್ಪಳ. ಕಲಬುರಗಿಯಲ್ಲಿ ಆಟ ಅಂದರೆ ಎನ್.ವಿ. ಮೈದಾನದ ಕ್ರಿಕೆಟ್ಟು, ಅದೂ ಹುಲ್ಲಿಗಿಂತ ಧೂಳು ಜಾಸ್ತಿ. ಗಾಲ್ಫ್ ಎಂಬುದನ್ನು ನಾನು ಕಂಡದ್ದು ಟಿ.ವಿ.ಯಲ್ಲಿ, ಚಾನೆಲ್ ಬದಲಿಸುವಾಗ.

ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು. "ಅಷ್ಟು ಸಣ್ಣ ಚೆಂಡು ಅಷ್ಟು ಸಣ್ಣ ತೂತಿಗಿ ಹಾಕ್ಲಿಕ್ಕಿ ಅಷ್ಟು ದೂರ ಹೋಗ್ತಾರೇನ್ರಿ?" ಆಮೇಲೆ ಎರಡು ತಿಂಗಳು ನಾನು ಓದಿದ ಪುಸ್ತಕ, ಕೇಳಿದ ಮಾತು ಎಲ್ಲ ಸೇರಿಸಿದರೂ ಈ ಆಟಕ್ಕೆ ಇದಕ್ಕಿಂತ ಚೊಕ್ಕ ವ್ಯಾಖ್ಯೆ ಸಿಗಲಿಲ್ಲ. ತೂತಿನ ಅಗಲ 108 ಮಿಲಿಮೀಟರ್, ನಮ್ಮ ಮನೆಯ ಚಟ್ನಿ ಬಟ್ಟಲಿನ ಬಾಯಷ್ಟು. ಚೆಂಡು ನಿಂಬೆಹಣ್ಣಿಗಿಂತ ತುಸು ಚಿಕ್ಕದು, 46 ಗ್ರಾಂ ದಾಟುವಂತಿಲ್ಲ. ಅಂಥ 18 ತೂತುಗಳಿಗೆ ನಡೆದುಕೊಂಡು ಹೋದರೆ ಏಳೆಂಟು ಕಿಲೋಮೀಟರ್, ನಾಲ್ಕು ತಾಸಿನ ಮೇಲೆ.

ಪ್ಲ್ಯಾನ್ ಹಾಕುವುದು ನನಗೆ ಹೊಸದಲ್ಲ. ಬ್ಯಾಂಕಿನ ನೌಕರಿಯಿಂದ ನಿವೃತ್ತನಾದ ಮೇಲೆ ಬಳಗದವರ ತಿರುಪತಿ, ಶ್ರೀಶೈಲ, ಪಂಢರಪುರಗಳ ಟಿಕೆಟ್ಟು, ರೂಮು, ಜೀಪು ಎಲ್ಲ ನನ್ನ ಕೈಯಿಂದಲೇ. ಇದನ್ನೂ ಹಾಗೇ ತಿಳಿದು ಹಳೆಯ ಡೈರಿಯಲ್ಲಿ ಎರಡು ಗೀಟು ಹೊಡೆದು ಕೂತೆ. ನಾಲ್ಕು ದಿನಕ್ಕೇ ಗೊತ್ತಾಯಿತು, ಇಲ್ಲಿಯ ಲೆಕ್ಕವೇ ಬೇರೆ. ದೇವರ ಊರಿಗೆ ಹೋಗಲು ರೈಲು ಸಿಕ್ಕರೆ ಸಾಕು. ಪಾಳಿ ಹಚ್ಚಿ ನಿಂತರೆ ಎಂದಾದರೂ ಗರ್ಭಗುಡಿ ಕಾಣುತ್ತದೆ. ಗಾಲ್ಫಿನ ಊರಿಗೆ ರೈಲು, ರೂಮು ಕೊನೆಯ ಮಾತು. ಮೊದಲು ಬೇಕಾದವನು ಒಳಗೆ ಬಿಡಿಸುವವನು.

ನಮ್ಮ ದೇಶದ ಹೆಸರಾಂತ ಮೈದಾನಗಳಲ್ಲಿ ಬಹಳಷ್ಟು ಸದಸ್ಯರ ಕ್ಲಬ್ಬಿನವು. ಸದಸ್ಯನೊಬ್ಬನ ಅತಿಥಿಯಾಗಿ ಹೋಗಬೇಕು, ಇಲ್ಲವೆ ನಿಮ್ಮ ಊರಿನ ಕ್ಲಬ್ಬಿಗೂ ಅವರ ಕ್ಲಬ್ಬಿಗೂ ಕೊಡು-ಕೊಳ್ಳುವ ಒಪ್ಪಂದ ಇರಬೇಕು, ಇಲ್ಲವೆ ಕಾರ್ಯದರ್ಶಿಗೆ ಮುಂಚಿತವಾಗಿ ಬರೆದು ಒಪ್ಪಿಗೆ ತರಿಸಬೇಕು. ಜೊತೆಗೆ ಹ್ಯಾಂಡಿಕ್ಯಾಪ್ ಕಾರ್ಡು. ಇದು ನನಗೆ ಬೇಗ ಅರ್ಥವಾಯಿತು, ಯಾಕೆಂದರೆ ಇದು ಗಾಲ್ಫಿನ ಸಿಬಿಲ್ ಸ್ಕೋರು. ಕೋರ್ಸಿನ ಪಾರ್ 72 ಅಂದರೆ ಪಳಗಿದವನು 72 ಹೊಡೆತಕ್ಕೆ 18 ಗುಂಡಿ ಮುಗಿಸುತ್ತಾನೆ. ನಮ್ಮ ಹುಡುಗನ ಹ್ಯಾಂಡಿಕ್ಯಾಪ್ 18. ಹೆಚ್ಚುಕಡಿಮೆ 90 ಹೊಡೆತಕ್ಕೆ ಮುಗಿಸಿಯಾನು ಎಂದು ಜಗತ್ತು ಅವನ ಮೇಲಿಟ್ಟ ವಿಶ್ವಾಸ ಅದು. ಸಾಲ ಕೊಡುವ ಮುಂಚೆ ನಾವು ನೋಡುತ್ತಿದ್ದಂತೆ ಅವರೂ ನೋಡುತ್ತಾರೆ: ಈತ ಹಿಂದಿನವರನ್ನು ಕಾಯಿಸುವ ಗಿರಾಕಿಯೋ, ಅಲ್ಲವೋ.

ಬಾಕಿ ಕಂತುಗಳೂ ಇದ್ದವು. ಬಹಳಷ್ಟು ಕ್ಲಬ್ಬುಗಳಿಗೆ ಸೋಮವಾರ ರಜೆ, ಹುಲ್ಲಿನ ಚಾಕರಿಗೆ. ಶನಿವಾರ-ಭಾನುವಾರ ಸದಸ್ಯರ ಗದ್ದಲ, ಅತಿಥಿಯ ದರವೂ ಏರು. ಉಳಿದದ್ದು ಮಂಗಳವಾರದಿಂದ ಶುಕ್ರವಾರ, ಅದೂ ಬೆಳಗಿನ ಹೊತ್ತು. ವಿದೇಶಿ ಪಾಸ್‌ಪೋರ್ಟಿನವರಿಗೆ ಹಲವೆಡೆ ಬೇರೆಯೇ ದರ. ಆಳಂದದಲ್ಲಿ ಹುಟ್ಟಿ, ಕಲಬುರಗಿಯಲ್ಲಿ ಓದಿ, ಈಗಲೂ ಜೋಳದ ರೊಟ್ಟಿಗೆ ಬಾಯಿ ಬಿಡುವ ಹುಡುಗ ಯಾವ ದರದವನು? ಫೋನಿನಲ್ಲಿ ಕೇಳಿದರೆ ಆ ಕಡೆಯವರೂ ಒಂದು ಗಳಿಗೆ ಸುಮ್ಮನಾದರು.

ಅವನಿಗೆ ಇದೆಲ್ಲ ಸೋಜಿಗ. "ಅಲ್ಲಿ ಹಂಗಿಲ್ಲ ಮಾಮಾ" ಎಂದು ಒಂದು ಕಥೆ ಹೇಳಿದ. ನ್ಯೂಯಾರ್ಕ್ ಹತ್ತಿರ ಲಾಂಗ್ ಐಲ್ಯಾಂಡಿನಲ್ಲಿ ಬೆತ್‌ಪೇಜ್ ಎಂಬ ಉದ್ಯಾನವಿದೆ, ಸರ್ಕಾರದ್ದು. 1930ರ ದಶಕದಲ್ಲಿ, ಮಂದಿಗೆ ಕೆಲಸ ಇಲ್ಲದ ಕಾಲದಲ್ಲಿ, ಕಟ್ಟಿಸಿದ್ದು. ಅಲ್ಲಿಯ ಬ್ಲ್ಯಾಕ್ ಕೋರ್ಸಿನಲ್ಲಿ 2002 ಮತ್ತು 2009ರ ಯು.ಎಸ್. ಓಪನ್ ನಡೆದಿದೆ. ಅಂಥಲ್ಲಿ ಯಾರು ಬೇಕಾದರೂ ಆಡಬಹುದು. ಮುಂಗಡ ಬುಕಿಂಗ್ ಸಿಗದಿದ್ದರೆ ಮಾತ್ರ ಹಿಂದಿನ ರಾತ್ರಿಯೇ ಹೋಗಿ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಮಲಗಬೇಕು. ಇವನೂ ಎರಡು ಸಲ ಮಲಗಿದ್ದಾನೆ. ಮೊದಲ ಹೊಡೆತ ಹೊಡೆಯುವ ಜಾಗದ ಹತ್ತಿರ ಒಂದು ಬೋರ್ಡು ಇದೆಯಂತೆ: ಇದು ಬಲು ಕಠಿಣ ಮೈದಾನ, ನುರಿತವರಿಗಷ್ಟೇ ಎಂದು ಎಚ್ಚರಿಸುವುದು. ಎಚ್ಚರಿಸುತ್ತಾರೆ, ತಡೆಯುವುದಿಲ್ಲ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಈ ಆಟದ ಕಾಶಿ. 18 ಗುಂಡಿ ಎಂಬ ಲೆಕ್ಕ ಗಟ್ಟಿಯಾದದ್ದು 1764ರಲ್ಲಿ ಅಲ್ಲಿಯೇ. ಅದಕ್ಕೆ ಮೊದಲು 22 ಇದ್ದವು. ಅಲ್ಲಿಯ ಓಲ್ಡ್ ಕೋರ್ಸೂ ಕ್ಲಬ್ಬಿನ ಸ್ವತ್ತಲ್ಲ, ಸಾರ್ವಜನಿಕ ನೆಲ. ಹೆಸರು ಕೊಟ್ಟು ಚೀಟಿ ಎತ್ತುವ ಪದ್ಧತಿಯಲ್ಲಿ ಪಾಳಿ ಬರುತ್ತದೆ. ಭಾನುವಾರ ಸಾಮಾನ್ಯವಾಗಿ ಆಟವೇ ಇಲ್ಲ. ಊರಿನವರು ನಾಯಿ ಹಿಡಿದುಕೊಂಡು, ಮಕ್ಕಳನ್ನು ಕರೆದುಕೊಂಡು ಆ ಹುಲ್ಲಿನ ಮೇಲೆ ಅಡ್ಡಾಡುತ್ತಾರೆ, ನಾವು ಕಲಬುರಗಿಯ ಅಪ್ಪನ ಕೆರೆಯ ಸುತ್ತ ಹೋದಂತೆ. ಇದನ್ನು ಓದಿದ ದಿನ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಆಟ ಹುಟ್ಟಿದ ಊರಲ್ಲಿ ಗೇಟಿಲ್ಲ. ಆಟ ಹಡಗು ಹತ್ತಿ ಇಲ್ಲಿಗೆ ಬಂದಾಗ ಗೇಟು ಜೊತೆಗೆ ಬಂತು. ಭಾರತದಲ್ಲಿ ಮೊದಲ ಸಾರ್ವಜನಿಕ ಗಾಲ್ಫ್ ಮೈದಾನ ಎನ್ನಿಸಿಕೊಂಡದ್ದು ದಿಲ್ಲಿಯ ಕುತುಬ್ ಗಾಲ್ಫ್ ಕೋರ್ಸು, ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ್ದು. ಅದು ಸುರುವಾದದ್ದು 2000ದಲ್ಲಿ. ಕಲ್ಕತ್ತೆಯ ರಾಯಲ್ ಕ್ಲಬ್ಬು 1829ರದು. ನಡುವಿನ 171 ವರ್ಷ ಲೆಕ್ಕ ಹಾಕಿಕೊಳ್ಳಿ.

ಆ ಗೇಟಿನ ಪರಿಚಯ ನನಗೂ ಒಮ್ಮೆ ಆಗಿದೆ. ಇಪ್ಪತ್ತು ವರ್ಷದ ಹಿಂದೆ, ಬ್ಯಾಂಕಿನ ಕಾಗದಕ್ಕೆ ಸಾಹುಕಾರರೊಬ್ಬರ ಸಹಿ ಬೇಕಾಗಿ, ದೂರದ ಊರಿನ ಒಂದು ಗಾಲ್ಫ್ ಕ್ಲಬ್ಬಿಗೆ ಹೋಗಿದ್ದೆ. ಹೆಸರು ಬೇಡ. ಕಾಲಲ್ಲಿ ಕೊಲ್ಹಾಪುರಿ ಚಪ್ಪಲಿ ಇತ್ತು. ಗೇಟಿನವನು ನನ್ನ ಮುಖ ನೋಡಲೇ ಇಲ್ಲ, ಸೀದಾ ಕಾಲು ನೋಡಿದ. ಕೊನೆಗೆ ಸಾಹುಕಾರರೇ ಹೊರಗೆ ಬಂದು ಕಾರಿನ ಬಾನೆಟ್ ಮೇಲೆ ಕಾಗದ ಹಾಸಿ ಸಹಿ ಹಾಕಿದರು. ಬಿಸಿಲಿಗೆ ಕಾದ ತಗಡು. ಅವರ ಕೈ ಸುಟ್ಟದ್ದು ನೋಡಿ ನನಗೆ ಒಳಗೊಳಗೆ ಸಮಾಧಾನವಾಯಿತು ಅಂತ ಈಗ ಹೇಳಿದರೆ ತಪ್ಪಿಲ್ಲ. ಈ ಸಲ ಡೈರಿಯ ಮೊದಲ ಸಾಲೇ ಅದು: ಕಾಲರ್ ಇರುವ ಟೀ ಶರ್ಟು, ಬೂಟು, ಜೀನ್ಸ್ ಬೇಡ.

ನಕ್ಷೆ ಹರಡಿಕೊಂಡು ಕೂತಾಗ ಇನ್ನೊಂದು ಕಂಡಿತು. ಕರ್ನಾಟಕದ ಹಳೆಯ ಗಾಲ್ಫ್ ಮೈದಾನಗಳನ್ನು ಚುಕ್ಕೆ ಇಟ್ಟು ಸೇರಿಸಿದರೆ ಬ್ರಿಟಿಷರ ಜೀವನಚರಿತ್ರೆಯೇ ಮೂಡುತ್ತದೆ. ದಂಡು ಇದ್ದಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್, 1876ರದು. ದೇಶದಲ್ಲೇ ಕಲ್ಕತ್ತೆಯ ನಂತರದ ಹಳಬ. ಚಿನ್ನ ಸಿಕ್ಕಲ್ಲಿ ಕೆ.ಜಿ.ಎಫ್. ಕಾಫಿ ಬೆಳೆದಲ್ಲಿ ಮಡಿಕೇರಿ, ಪಾಲಿಬೆಟ್ಟ. ಅರಸರ ಸ್ನೇಹ ಇದ್ದಲ್ಲಿ ಮೈಸೂರು. ಹೊಸವು ಬಂದದ್ದು ನಿವೇಶನದ ಬೆಲೆ ಏರಿದಲ್ಲಿ: ಬಿಡದಿ, ನಂದಿ ಬೆಟ್ಟದ ತಪ್ಪಲು. ನಮ್ಮದು ನಿಜಾಮನ ರಾಜ್ಯ. ಅವನ ಸೀಮೆಯಲ್ಲಿ ಬ್ರಿಟಿಷರ ದೊಡ್ಡ ದಂಡು ಇದ್ದದ್ದು ಸಿಕಂದರಾಬಾದಿನಲ್ಲಿ. ಹಾಗಾಗಿ ಕಲಬುರಗಿಗೆ ತೊಗರಿ ಬಂತು, ಸಿಮೆಂಟು ಬಂತು, ಗಾಲ್ಫ್ ಬರಲಿಲ್ಲ. ನೀರಿಲ್ಲದ ಕಡೆ ಹಿಂದೆ ಹಸಿರಿನ ಬದಲು ಎಣ್ಣೆ ಬೆರೆಸಿದ ಮರಳನ್ನು ತಟ್ಟಿ ಗುಂಡಿಯ ಸುತ್ತ ಹಾಸುತ್ತಿದ್ದರಂತೆ, ಅದಕ್ಕೆ ಬ್ರೌನ್ ಅಂತಲೇ ಹೆಸರು. ನಮ್ಮಲ್ಲಿ ಬಂದಿದ್ದರೆ ಅದೇ ಬರುತ್ತಿತ್ತು.

ಕೊಡಗನ್ನು ಬಿಟ್ಟೆವು, ಊಟಿಯನ್ನೂ. ಎರಡು ವಾರದಲ್ಲಿ ಒಂದು ಮದುವೆ, ಒಂದು ಜಾವಳ, ನಾಲ್ಕು ಮನೆಯ ಊಟ ಇದ್ದವು. ಉಳಿದದ್ದು ಬೆಂಗಳೂರು, ಮೈಸೂರು, ಹೈದರಾಬಾದು.

ಬೆಂಗಳೂರಿಗೆ ಬೆಳಗಿನ ಜಾವದ ವಂದೇ ಭಾರತ್ ಹತ್ತಿದೆವು. 2024ರ ಮಾರ್ಚಿನಿಂದ ಈ ಗಾಡಿ ಇದೆ. ಬೆಳಗಿನ ತುಸು ನಿದ್ದೆ ಕೊಟ್ಟರೆ ಮಧ್ಯಾಹ್ನಕ್ಕೆ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್. ಗಾಲ್ಫ್ ಚೀಲ ಆಳೆತ್ತರದ್ದು, ಕೆಳಗೆ ದಪ್ಪ, ಮೇಲೆ ಸಪೂರ. ರಾಯಚೂರಿನಲ್ಲಿ ಹತ್ತಿದ ಹಿರಿಯರೊಬ್ಬರು ಅದನ್ನು ಬಹಳ ಹೊತ್ತು ಭಕ್ತಿಯಿಂದ ನೋಡಿ ಕೇಳಿದರು: "ತಂಬೂರಿ ಏನ್ರೀ? ಎಲ್ಲಿ ಅದ ಭಜನಿ?" ಹುಡುಗ ಜಿಪ್ ಎಳೆದು ತೋರಿಸಿದ. ಒಳಗೆ 14 ಕೋಲು. ಅದಕ್ಕಿಂತ ಹೆಚ್ಚು ಒಯ್ಯಲು ನಿಯಮ ಬಿಡುವುದಿಲ್ಲ. "ಒಂದು ಚೆಂಡಿಗಿ ಇಷ್ಟು ಬಡಿಗಿ?" ಎಂದು ಅವರು ಕಿಟಕಿ ಕಡೆ ತಿರುಗಿದರು.

ದೊಮ್ಮಲೂರಿನ ಆಚೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿಗೆ ನಾವು ಹೋದದ್ದು ಹುಡುಗನ ಹಳೆಯ ಸಹಪಾಠಿಯೊಬ್ಬನ ಅತಿಥಿಗಳಾಗಿ. ಬೆಳಿಗ್ಗೆ ಆರೂವರೆ. ಇಬ್ಬನಿ. ನಾನು ಹೊಸ ಬೂಟು ಹಾಕಿ ಹುಲ್ಲಿನ ಮೇಲೆ ಕಾಲಿಟ್ಟೆ, ನಂಬಲಿಕ್ಕಾಗದೆ ಬಗ್ಗಿ ಮುಟ್ಟಿದೆ. ಗಂಟು ಗಂಟಿಗೆ ಬೇರು ಬಿಟ್ಟು ಹರಿಯುವ ಎಳೆ, ಚೂಪು ಎಲೆ. ಇದನ್ನು ನಾನು ಎಲ್ಲಿಯಾದರೂ ಗುರುತಿಸಬಲ್ಲೆ. ನಮ್ಮ ಕರಿಕಿ!

ವಿಚಾರಿಸಿದೆ. ಹೌದು, ಗಾಲ್ಫಿನವರು ಬರ್ಮುಡಾ ಹುಲ್ಲು ಎನ್ನುವುದು ಕರಿಕೆಯ ಕುಲವೇ. ನಾವು ಗಣಪನಿಗೆ ಏರಿಸುವುದೂ ಅದೇ, ಇವರು ಗುಂಡಿಯ ಸುತ್ತಿನ ಗ್ರೀನಿಗೆ ಹಾಸುವುದು ಅದರ ಸಂಕರ ತಳಿ. ಕರಿಮಣ್ಣಿನಲ್ಲಿ ಕರಿಕಿ ಹೊಕ್ಕಿತೆಂದರೆ ರೈತನ ಸಂಸಾರ ಅಲ್ಲಾಡುತ್ತದೆ. ಒಂದು ಗಂಟು ಉಳಿದರೂ ಮತ್ತೆ ಚಿಗುರುತ್ತದೆ; ಬೇಸಿಗೆಯಲ್ಲಿ ಆಳು ಹಚ್ಚಿ, ಮೊಳಕಾಲುದ್ದ ಅಗೆಸಿ, ಬಿಸಿಲಿಗೆ ಹರವಿ ಸುಡಬೇಕು. ನನ್ನ ತಂದೆ ಒಂದು ವರ್ಷದ ತೊಗರಿಯ ದುಡ್ಡು ಪೂರ್ತಿ ಕರಿಕಿ ಕೀಳಲಿಕ್ಕೆ ಸುರಿದದ್ದು ನೆನಪಿದೆ. ಇಲ್ಲಿ ಅದೇ ಹುಲ್ಲಿಗೆ ನೀರು, ಗೊಬ್ಬರ, ವಾರಕ್ಕೊಂದು ದಿನ ರಜೆ. ಗ್ರೀನಿನಲ್ಲಿ ಅದನ್ನು ಮೂರು-ನಾಲ್ಕು ಮಿಲಿಮೀಟರಿಗೆ ಕತ್ತರಿಸಿ ಬೋಳು ತಲೆಯ ಹಾಗೆ ಇಟ್ಟಿರುತ್ತಾರೆ.

ಈ ನೆಲದ ಕಥೆಯೂ ನೇರವಾದದ್ದಲ್ಲ. ಇದು ಚಲ್ಲಘಟ್ಟ ಕೆರೆಯ ಅಂಗಳ. ಬೆಂಗಳೂರಿನಲ್ಲಿ ಕೆರೆ ಹೋಗಿ ಬಸ್ ನಿಲ್ದಾಣ, ಸ್ಟೇಡಿಯಂ ಬಂದಂತೆ ಇಲ್ಲಿ ಗಾಲ್ಫ್ ಬಂತು. 18 ಗುಂಡಿಗಳ ನಕ್ಷೆ ಹಾಕಿದವರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಬ್ರಿಟಿಷ್ ಓಪನ್ ಅನ್ನು ಐದು ಸಲ ಗೆದ್ದವರು. ಒಳಗೆ ಅಲ್ಲಲ್ಲಿ ಉಳಿದ ನೀರಿನಲ್ಲಿ ಚೆಂಡುಗಳು ಮುಳುಗುತ್ತವೆ. ಕೆರೆ ತನ್ನ ಪಾಲು ಕೇಳುತ್ತದೆ ಎಂದು ನಾನು ಅಂದದ್ದಕ್ಕೆ, ಆಗಷ್ಟೇ ಎರಡು ಚೆಂಡು ಕಳೆದುಕೊಂಡಿದ್ದ ಹುಡುಗ ನಗಲಿಲ್ಲ.

ಇದೇ ಮೈದಾನದ ಪಕ್ಕದ ಹೋಟೆಲಿನಲ್ಲಿ ಐದಾರು ವರ್ಷದ ಹುಡುಗಿಯೊಬ್ಬಳು ತಂದೆತಾಯಿಯ ಜೊತೆ ತಿಂಡಿ ತಿನ್ನುತ್ತ ಆಚೆ ಚೆಂಡು ಹೊಡೆಯುವವರನ್ನು ನೋಡಿದಳು. ಕುತೂಹಲಕ್ಕೆ ಮೂವರೂ ಒಳಗೆ ಹೋಗಿ ಕೇಳಿದರು. ಅವಳೇ ಅದಿತಿ ಅಶೋಕ್. 2021ರ ಆಗಸ್ಟಿನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ತಾಯಿ ಚೀಲ ಹೊತ್ತರು, ಮಗಳು ಆಡಿದಳು. ಒಂದೇ ಒಂದು ಹೊಡೆತಕ್ಕೆ ಕಂಚು ತಪ್ಪಿ ನಾಲ್ಕನೆಯವಳಾದಳು. ಕೊನೆಯ ಸುತ್ತಿನ ಆ ಶನಿವಾರ ಬೆಳಗಿನ ಜಾವ ಗಾಲ್ಫಿನ ಗಂಧಗಾಳಿ ಇಲ್ಲದ ನಮ್ಮ ಕಾಲೋನಿಯಲ್ಲೂ ಟಿ.ವಿ. ಹಚ್ಚಿದ್ದರು. ಆ ಪಂದ್ಯ ನಡೆದ ಕಸುಮಿಗಸೆಕಿ ಕ್ಲಬ್ಬು ಹೆಂಗಸರನ್ನು ಪೂರ್ಣ ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2017ರಲ್ಲಿ, ಅದೂ ಒಲಿಂಪಿಕ್ಸಿನವರು ಒತ್ತಾಯ ಮಾಡಿದ ಮೇಲೆ. ಗೇಟು ಎಲ್ಲ ಊರಲ್ಲೂ ಇರುತ್ತದೆ.

ನನಗೆ ಅವತ್ತಿನ ಬೆಳಿಗ್ಗೆ ನೆನಪುಳಿದದ್ದು ಚೆಂಡಿನಿಂದಲ್ಲ, ಕ್ಯಾಡಿಯಿಂದ. ಐವತ್ತರ ಆಸುಪಾಸಿನ ಮನುಷ್ಯ, ಸಣಕಲು, ಹೆಗಲ ಮೇಲೆ ಹನ್ನೆರಡು ಕಿಲೋ ಮೀರಿದ ಚೀಲ. ಹುಡುಗ ಇಂಗ್ಲಿಷಿನಲ್ಲಿ ದೂರ ಕೇಳುತ್ತಿದ್ದ, ಆತ ಅಂಕಿ ಹೇಳುತ್ತಿದ್ದ. ಏಳನೆಯದೋ ಎಂಟನೆಯದೋ ಗ್ರೀನಿನಲ್ಲಿ ಚೆಂಡು ಗುಂಡಿಯಿಂದ ಹತ್ತು ಹೆಜ್ಜೆ ದೂರ ನಿಂತಿತ್ತು. ಹುಡುಗ ಕೈಗಡಿಯಾರದಲ್ಲಿ ಏನೋ ನೋಡಿದ. ಕ್ಯಾಡಿ ಚೀಲ ಇಳಿಸಿ, ಕುಕ್ಕುರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿದ. ಎದ್ದು ಹೋಗಿ ಗುಂಡಿಯ ಆಚೆ ಬದಿಯಿಂದಲೂ ನೋಡಿದ. ಅಂಗೈಯನ್ನು ಹುಲ್ಲಿನ ಮೇಲೆ ತೇಲಿಸಿದ, ಎಮ್ಮೆಯ ಬೆನ್ನು ಸವರಿದ ಹಾಗೆ. "ನೇರ ಕಾಣ್ತದೆ ಸಾರ್, ಆದ್ರೆ ನೇರ ಇಲ್ಲ. ಹುಲ್ಲು ನೀರಿನ ಕಡೆ ಮಲಗಿದೆ. ಎಡಕ್ಕೆ ಎರಡು ಕಪ್ ಬಿಡಿ." ಗುಂಡಿಯ ಅಗಲವೇ ಅವರ ಅಳತೆಗೋಲು: ಎರಡು ಗುಂಡಿಯಷ್ಟು ಎಡಕ್ಕೆ ಗುರಿ ಇಡು ಎಂದರ್ಥ. ಹುಡುಗನಿಗೆ ನಂಬಿಕೆ ಬರಲಿಲ್ಲ, ಒಂದೇ ಕಪ್ ಬಿಟ್ಟ. ಚೆಂಡು ಬಲಕ್ಕೆ ಒಲೆದು ಗುಂಡಿಯ ತುಟಿಯ ಪಕ್ಕ ಹಾದು ಹೋಯಿತು. ಕ್ಯಾಡಿ ಏನೂ ಅನ್ನಲಿಲ್ಲ. ಟವೆಲಿನಿಂದ ಚೆಂಡು ಒರೆಸಿ ಕೊಟ್ಟ. ಮುಂದಿನ ಗ್ರೀನಿನಿಂದ ಹುಡುಗ ಗಡಿಯಾರ ನೋಡುವುದು ಬಿಟ್ಟ.

ಹೆಸರಾಂತ ಕೋರ್ಸುಗಳ ಪ್ರವಾಸ ಎಂದು ಹೊರಟವರು ಮೈದಾನದ ಚಿತ್ರ ನೋಡಿ ಊರು ಆರಿಸುತ್ತಾರೆ. ನನ್ನನ್ನು ಕೇಳಿದರೆ ಕ್ಯಾಡಿ ನೋಡಿ ಆರಿಸಬೇಕು. ಚೀಲ ಹೊತ್ತು ಹಿಂಬಾಗಿಲಿನಿಂದ ಒಳಗೆ ಬಂದವರೇ ಈ ನೆಲವನ್ನು ಓದಬಲ್ಲವರು. ಚಿನ್ನಸ್ವಾಮಿ ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು. 2009ರಲ್ಲಿ ಗುರುಗ್ರಾಮದಲ್ಲಿ ಕೊರಿಯಾದ ಆಟಗಾರನನ್ನು ಪ್ಲೇ-ಆಫ್‌ನಲ್ಲಿ ಸೋಲಿಸಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಈಗಲ್ಟನ್ ಮೈದಾನದ ಮಗ್ಗುಲ ಹಳ್ಳಿಯ ಎಸ್. ಚಿಕ್ಕರಂಗಪ್ಪ ಸಣ್ಣವನಿದ್ದಾಗ ಅಲ್ಲಿ ಬೇರೆಯವರ ಆಟಕ್ಕೆ ದುಡಿಯುತ್ತಲೇ ಆಟ ಕಲಿತ ಹುಡುಗ. ಮುಂದೆ ದೇಶದ ವೃತ್ತಿಪರ ಟೂರಿನಲ್ಲಿ ಹಲವು ಪ್ರಶಸ್ತಿ ಹೊಡೆದ. ಇವರ ಮುಂದೆ ಯಾವ ಕಾರ್ಯದರ್ಶಿಯ ಒಪ್ಪಿಗೆ ಪತ್ರ?

ಮೈಸೂರನ್ನು ಒಂದೇ ಬೆಳಿಗ್ಗೆಗೆ ಮುಗಿಸಿದೆವು. ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬು ರೇಸ್ ಕೋರ್ಸಿನ ಹೊಟ್ಟೆಯೊಳಗಿದೆ, ಎದುರಿಗೆ ಚಾಮುಂಡಿ ಬೆಟ್ಟ. ಹೊಡೆತ ಹಾಳಾದಾಗ ತಲೆ ಎತ್ತಿದರೆ ಸಾಕು, ದೇವರ ದರ್ಶನ. ಗಾಲ್ಫ್ ಆಟಗಾರ್ತಿ ಪ್ರಣವಿ ಅರಸ್ ಈ ಊರಿನ ಹುಡುಗಿ. ನನ್ನ ಹೆಂಡತಿ ಇಲ್ಲಿಗೆ ಬಂದಳು. ಗಾಲ್ಫಿಗಲ್ಲ, ಬೆಟ್ಟಕ್ಕೆ ಮತ್ತು ರೇಷ್ಮೆ ಸೀರೆಗೆ. ಒಟ್ಟು ಪ್ರವಾಸದಲ್ಲಿ ಅತಿ ಹೆಚ್ಚು ಖರ್ಚಾದ ದಿನ ಅದು, ಗ್ರೀನ್ ಫೀ ಕಾರಣವಲ್ಲ.

ಕಲಬುರಗಿಗೆ ವಾಪಸು ಬಂದು ಹೈದರಾಬಾದಿಗೆ ಕಾರಿನಲ್ಲಿ: ಕಮಲಾಪುರ, ಹುಮನಾಬಾದ್, ಜಹೀರಾಬಾದ್. ಕಮಲಾಪುರದಲ್ಲಿ ರಸ್ತೆ ಬದಿಗೆ ಕೆಂಪು ಬಾಳೆ ಕೊಂಡೆವು. ಗಾಲ್ಫಿನವರು ನಡುವೆ ಬಾಳೆಹಣ್ಣು ತಿನ್ನುತ್ತಾರೆ, ಅದೂ ಟಿ.ವಿ.ಯಲ್ಲಿ ನೋಡಿದ್ದು; ತಿನ್ನುವುದೇ ಆದರೆ ಭೌಗೋಳಿಕ ಸೂಚಿಕೆ ಸಿಕ್ಕ ಹಣ್ಣೇ ತಿನ್ನಲಿ. ದಪ್ಪ ಸಿಪ್ಪೆ, ಚೀಲದಲ್ಲಿ ಕುಲುಕಿದರೂ ಕಪ್ಪಾಗುವುದಿಲ್ಲ.

ಹೈದರಾಬಾದಿನ ಗಾಲ್ಫ್ ಮೈದಾನ ಗೋಲ್ಕೊಂಡಾದ ನಯಾ ಕಿಲಾ ಒಳಗೆ ಹಬ್ಬಿದೆ. 17ನೇ ಶತಮಾನದ ಕೋಟೆಗೋಡೆ, ಬುರುಜು, ನಡುವೆ ಬೋಳಿಸಿದ ಹುಲ್ಲು. ಇತಿಹಾಸ ಬಲ್ಲವರು ಇದಕ್ಕೆ ತಕರಾರು ಎತ್ತುತ್ತಲೇ ಬಂದಿದ್ದಾರೆ. ಸ್ಮಾರಕ ನೋಡಲು ಬರುವವನಿಗೆ ಗಾಲ್ಫಿನ ಬೇಲಿ ಅಡ್ಡ. ನನ್ನ ಮನಸ್ಸೂ ಅವರ ಕಡೆಗೇ. ಕಲಬುರಗಿಯವನಿಗೆ ಈ ಕೋಟೆ ದಾಯಾದಿಗಳ ಮನೆ ಇದ್ದಂತೆ: 1347ರಲ್ಲಿ ಹುಟ್ಟಿ ನಮ್ಮ ಊರನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯ ಒಡೆದಾಗ ಬೇರೆ ಒಲೆ ಹೂಡಿದವರೇ ಗೋಲ್ಕೊಂಡಾದ ಕುತುಬ್ ಶಾಹಿಗಳು. ಅಲ್ಲಿ ಹತ್ತಿಯಾನ್ ಕಾ ಝಾಡ್ ಎಂಬ ದೈತ್ಯ ಮರವಿದೆ, ಆನೆ ಮರ. ಸವಣೂರಿನ ದೊಡ್ಡ ಹುಣಸೆ ನೋಡಿದವರಿಗೆ ಪರಿಚಯ ಬೇಡ, ಅದೇ ಜಾತಿ, ಆಫ್ರಿಕದಿಂದ ಬಂದದ್ದು. ಹುಡುಗ ಹದಿನೆಂಟು ಗುಂಡಿ ಮುಗಿಸುವಷ್ಟರಲ್ಲಿ ನಾನು ಆ ಮರದ ಸುತ್ತ ಒಂದು ಸುತ್ತು ಹಾಕಿ, ಎರಡು ಬಾಳೆಹಣ್ಣು ತಿಂದೆ. ಅವನು 97 ಹೊಡೆದಿದ್ದ. ಸಪ್ಪೆ ಮುಖ.

ವಾಪಸು ಬರುವಾಗ ಕಮಲಾಪುರ ದಾಟಿದ ಮೇಲೆ ಹೆಂಡತಿಯ ತವರಿನ ಹೊಲಕ್ಕೆ ಗಾಡಿ ತಿರುಗಿಸಿದೆವು. ತೊಗರಿ ಕೊಯ್ದು ರಾಶಿ ಆಗಿತ್ತು. ಕರಿನೆಲ ಒಣಗಿ ಬಾಯಿಬಿಟ್ಟಿತ್ತು. ಬಿರುಕಿನಲ್ಲಿ ಮೊಣಕೈ ತನಕ ಕೈ ಇಳಿಯುತ್ತದೆ. ಪಾಲಿಗೆ ಮಾಡುವ ಗೌಡರೂ ಅವರ ಮನೆಯವರೂ ಚೀಲ ಹೊಲಿಯುತ್ತಿದ್ದರು. ಹುಡುಗನಿಗೆ ಏನು ತೋಚಿತೋ, ಕೋಲು ತೆಗೆದ. ಬದುವಿನ ಮೇಲೆ ಚೆಂಡಿಟ್ಟು, ಆಚೆಯ ಬೇವಿನ ಮರಕ್ಕೆ ಗುರಿ ಹಿಡಿದು ಬೀಸಿದ. ಇಡೀ ಪ್ರವಾಸದ ಅತ್ಯುತ್ತಮ ಹೊಡೆತ. ಚೆಂಡು ನೆಟ್ಟಗೆ ಹೋಗಿ, ಮರದ ಈಚೆ ಬಿದ್ದು, ಒಂದು ಸಲ ಪುಟಿದು, ಮಾಯವಾಯಿತು.

ಐದು ಮಂದಿ ಅರ್ಧ ತಾಸು ಹುಡುಕಿದೆವು. ಗೌಡರ ಮಗ ಒಂದು ಬಿರುಕಿಗೆ ತೊಗರಿ ಕಟ್ಟಿಗೆ ಇಳಿಸಿ ಅಲ್ಲಾಡಿಸಿ ನೋಡಿದ. ಹುಡುಗ ನಿಯಮ ಹೇಳಲು ಸುರು ಮಾಡಿದ: ಇಲಿ, ಮೊಲ ತೋಡಿದ ಗುದ್ದಿನಲ್ಲಿ ಬಿದ್ದರೆ ದಂಡವಿಲ್ಲದೆ ಪಕ್ಕಕ್ಕಿಟ್ಟು ಹೊಡೆಯಬಹುದು, ಆದರೆ ಚೆಂಡು ಸಿಗದೇ ಹೋದರೆ ಒಂದು ಹೊಡೆತ ದಂಡ, ಮತ್ತೆ ಹಿಂದೆ ಹೊಡೆದ ಜಾಗದಿಂದಲೇ. ಗೌಡರು ಎಲ್ಲ ಗಂಭೀರವಾಗಿ ಕೇಳಿಸಿಕೊಂಡರು. ಚೆಂಡಿನ ಬೆಲೆ ಎಷ್ಟು ಅಂತ ಕೇಳಿದರು. ಹುಡುಗ ಹೇಳಿದ. ಅವರು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು.

"ಇರಲಿ ಬಿಡ್ರಿ ಸಾವಕಾರ್ರ, ಎಲ್ಲಿಗಿ ಹೋಗ್ತದ?" ಎಂದರು. "ಮುಂಗಾರಿಗಿ ಮಳಿ ಬಿದ್ರ ಮೊಳಕಿ ಒಡಿತದ."